ಪ್ರತಿಕ್ರಿಯೆ: ಪಾಸ್ ಚಂದ ಮಾಡ್ತಾರೆ, ಗೋಲ್ ಮಾತ್ರ ಬರೂದಿಲ್ಲ

ನಿಮ್ಮ ಪ್ರಶ್ನೆ ಓದಿದೆ ಮಾರಾಯ್ರೆ, ಫುಟ್‌ಬಾಲಲ್ಲಿ 12 ವರ್ಷದೊಳಗಿನ ಮಕ್ಳು ಮೈದಾನದ ಮಧ್ಯದಲ್ಲಿ ಚಂದ ಪಾಸ್ ಮಾಡ್ತಾರೆ ಆದ್ರೆ ಗೋಲ್ ಎದುರಿನ ಬಾಕ್ಸ್ ಹತ್ರ ಹೋದ ಕೂಡ್ಲೆ ಎಲ್ಲ ನಿಂತು ಬಿಡ್ತಾರೆ, ಶಾಟೇ ಬರೂದಿಲ್ಲ ಅಂತ. ನಾನು ಮಂಗಳೂರು ನೆಹರೂ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಮಕ್ಳಿಗೆ ಹೇಳಿ ಕೊಡೂದು, ನಮ್ಮಲ್ಲೂ ಇದೇ ಕಥೆ ಇತ್ತು. ಪಾಸ್ ಕೊಟ್ಟವ ಆಮೇಲೆ ನಿಂತು ನೋಡೂದೇ ತಪ್ಪು.

ಮೊದ್ಲು ಅಟ್ಯಾಕಿಗೆ 2 ಜನ, ಡಿಫೆಂಡರ್ 1, ಒಂದು ಸಣ್ಣ ಗೋಲ್, ಅಷ್ಟೇ ಇಟ್ಟು ಆಡಿಸಿ. ಬಾಲ್ ಇರುವವ ಸೀದಾ ಡಿಫೆಂಡರಿನ ಮೇಲೆಯೇ ಹೋಗ್ಬೇಕು, ಅವ ಕಾಲು ಹಾಕ್ಲಿಕ್ಕೆ ಬಂದಾಗ್ಲೇ ಫ್ರೆಂಡಿಗೆ ಕೊಟ್ಟು ಡಿಫೆಂಡರಿನ ಬೆನ್ನ ಹಿಂದೆ ಓಡ್ಬೇಕು, ಫ್ರೆಂಡ್ ಒಂದೇ ಟಚ್ಚಲ್ಲಿ ಅಲ್ಲಿಗೆ ವಾಪಾಸ್ ಕೊಡ್ಬೇಕು. ಬೇಗ ಕೊಟ್ರೆ ಡಿಫೆಂಡರ್ ಹಿಂದೆ ಸರಿದು ಇಬ್ರನ್ನೂ ನೋಡ್ತಾನೆ, ಈ ಟೈಮಿಂಗ್ ಬರ್ಲಿಕ್ಕೇ ನಮ್ಗೆ ವಾರಗಟ್ಲೆ ಬೇಕಾಯ್ತು, ಅವಸರ ಮಾಡ್ಬೇಡಿ. ಆಮೇಲೆ ಅಟ್ಯಾಕಿಗೆ 3, ಡಿಫೆಂಡರ್ 2 ಮಾಡಿ, ಆಗ ಮೂರನೆಯವ ಬಾಲ್ ಬರುವ ಮೊದ್ಲೇ ಓಡೂದು ಕಲೀತಾನೆ.

ಇನ್ನೊಂದು ಉಂಟು, ನಂಗೆ ತುಂಬಾ ಇಷ್ಟದ್ದು. ವಿಂಗಲ್ಲಿ, ಅಂದ್ರೆ ಮೈದಾನದ ಬದಿಯಲ್ಲಿ ಹೋದವ ಗೋಲ್ ಲೈನ್ ತನಕ ಹೋಗಿ ಬಾಲನ್ನು ನೆಲದಲ್ಲೇ ಹಿಂದಕ್ಕೆ, ಗೋಲ್ ಎದುರಿನ ಪೆನಾಲ್ಟಿ ಸ್ಪಾಟ್ ಹತ್ರ ಕೊಡ್ಲಿ. ಬಾಲಿಗಿಂತ ಹಿಂದೆ ಇರುವವ ಆಫ್‌ಸೈಡ್ (ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತ ತಪ್ಪು) ಆಗೂದಿಲ್ಲ, ಡಿಫೆಂಡರ್‌ಗಳೆಲ್ಲ ತಮ್ಮ ಗೋಲ್ ಕಡೆ ಮುಖ ಮಾಡಿ ಓಡ್ತಾ ಇರ್ತಾರೆ, ಹಿಂದಿಂದ ಬರುವವನಿಗೆ ಗೋಲ್ ಎದುರೇ ಕಾಣ್ತದೆ. ಬದಿಯಿಂದ ಎತ್ತರಕ್ಕೆ ಹೊಡೆಯುವ ಕ್ರಾಸ್ ಈ ವಯಸ್ಸಿಗೆ ಬೇಡ್ವೇ ಬೇಡ.

ಮತ್ತೆ ಹೊರಗಿಂದ ಪಾಸ್ ಮಾಡು, ಶೂಟ್ ಮಾಡು ಅಂತ ಬೊಬ್ಬೆ ಹಾಕ್ಬೇಡಿ ದಯವಿಟ್ಟು, ಮಕ್ಳು ಅವ್ರೇ ತಲೆ ಎತ್ತಿ ನೋಡ್ಲಿ. ನೀವು ಎಷ್ಟು ಜನ ಮಕ್ಳನ್ನು ಆಡಿಸೂದು ಹೇಳಿ, ಅದಕ್ಕೆ ಸರಿಯಾಗಿ ಬರೀತೇನೆ.