ಪುಲ್ಚಿನೆಲ್ಲಾ ಯಾರು? ನೇಪಲ್ಸ್ ಜನಕ್ಕೆ ಅವನ ಮೇಲೆ ಅಷ್ಟು ಪ್ರೀತಿ ಯಾಕೆ?

ಇಟಲಿಯ ಹಳೆಯ ಮುಖವಾಡದ ಹಾಸ್ಯನಾಟಕ 'ಕೊಮೆದಿಯಾ ದೆಲ್ಲಾರ್ತೆ'ಯ ಪಾತ್ರ ಅವನು. ಊರು ನೇಪಲ್ಸ್. 17ನೇ ಶತಮಾನದ ಶುರುವಿನಲ್ಲಿ ಸಿಲ್ವಿಯೋ ಫಿಯೊರಿಲ್ಲೋ ಅನ್ನೋ ನಟ ಇವನನ್ನು ರಂಗಕ್ಕೆ ತಂದ ಅಂತ ಸಾಮಾನ್ಯವಾಗಿ ಹೇಳ್ತಾರೆ.

ದೊಗಳೆ ಬಿಳಿ ಅಂಗಿ, ಬಿಳಿ ಪ್ಯಾಂಟು, ಉದ್ದನೆ ಟೋಪಿ, ಕೊಕ್ಕಿನಂಥ ಮೂಗಿನ ಕಪ್ಪು ಮುಖವಾಡ. ಅದು ಅರ್ಧ ಮುಖಕ್ಕೆ ಮಾತ್ರ, ಬಾಯಿ ಮುಚ್ಚಲ್ಲ, ಯಾಕಂದ್ರೆ ಇವನ ಬಂಡವಾಳವೇ ಮಾತು, ಅದೂ ನೇಪಲ್ಸಿನ ಆಡುಮಾತು.

ಸದಾ ಹಸಿವು, ಮಕರೋನಿ ಕಂಡ್ರೆ ಪ್ರಾಣ. ಸುಳ್ಳು ಹೇಳ್ತಾನೆ, ಏಟು ತಿಂತಾನೆ, ಮತ್ತೆ ಎದ್ದು ನಿಲ್ತಾನೆ. ಸ್ಪೇನಿನವರು, ಆಮೇಲೆ ಬೂರ್ಬೊನ್ ರಾಜರು ಅಂತ ಶತಮಾನಗಟ್ಟಲೆ ಯಾರ್ಯಾರೋ ಆಳಿದ ಊರಲ್ಲಿ, ದೊಡ್ಡವರ ಮುಂದೆ ಹೆದರಿದ ಹಾಗೆ ನಟಿಸಿ ಕೊನೆಗೆ ಅವರನ್ನೇ ಬೇಸ್ತು ಬೀಳಿಸೋ ಇಂಥವನು ಬಡವರಿಗೆ ತಮ್ಮವನೇ ಅನ್ನಿಸದೆ ಇರ್ತಾನಾ? ನನಗಂತೂ ಅವನ ಶಕ್ತಿ ಇರೋದೇ ಇಲ್ಲಿ.

ಈ ಪಾತ್ರಕ್ಕೆ ಹೆಸರಾದ ನಟ ಅಂತೋನಿಯೋ ಪೆತೀತೋ 1876ರಲ್ಲಿ ಸಾನ್ ಕಾರ್ಲಿನೋ ರಂಗಮಂದಿರದಲ್ಲೇ ತೀರಿಕೊಂಡರು, ಮೈಮೇಲೆ ಪುಲ್ಚಿನೆಲ್ಲಾ ವೇಷ ಹಾಗೇ ಇತ್ತು.

ಬೀದಿಯಲ್ಲಿ ಇವನದು ಕೈಗೊಂಬೆ ಆಟ, 'ಗ್ವಾರತ್ತೆಲ್ಲೆ'. ಪುಟ್ಟ ಪೆಟ್ಟಿಗೆಯಂಥ ರಂಗದೊಳಗೆ ನಿಂತು ಒಬ್ಬನೇ ಕಲಾವಿದ ಎಲ್ಲ ಗೊಂಬೆಗಳನ್ನೂ ಆಡಿಸ್ತಾನೆ. ಬಾಯೊಳಗೆ ಸಣ್ಣ ಪೀಪಿ ಇಟ್ಟುಕೊಂಡು ಕೋಳಿಮರಿಯಂಥ ಕೀಚಲು ದನಿ ಹೊರಡಿಸ್ತಾನೆ. ಇಂಗ್ಲೆಂಡಿನ ಗೊಂಬೆ ಪಂಚ್ ಹುಟ್ಟಿದ್ದೂ ಇವನಿಂದಲೇ, 1662ರಲ್ಲಿ ಲಂಡನ್ನಿನಲ್ಲಿ ಇಟಲಿಯವರ ಗೊಂಬೆಯಾಟ ನೋಡಿದ್ದನ್ನ ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ಇಂಗ್ಲಿಷ್ ಅಧಿಕಾರಿ ತಮ್ಮ ಡೈರಿಯಲ್ಲಿ ಬರೆದಿಟ್ಟಿದ್ದಾರೆ.