ಸಿ-ಸ್ಪ್ಯಾನ್ ಅಮೆರಿಕ ಸರ್ಕಾರದ ಚಾನೆಲ್ಲಾ?

ಅಮೆರಿಕದ ಸಂಸತ್ತಿನ ಕಲಾಪ ತೋರಿಸುವ ಸಿ-ಸ್ಪ್ಯಾನ್ ಚಾನೆಲ್ ನಮ್ಮ ಸಂಸದ್ ಟಿವಿ ಹಾಗೇ ಸರ್ಕಾರದ್ದಾ, ಅದಕ್ಕೆ ದುಡ್ಡು ಯಾರು ಹಾಕುತ್ತಾರೆ ಅಂತ ಕೇಳಿದ್ದೀರಿ. ಸರ್ಕಾರದ್ದಲ್ಲ. ದುಡ್ಡು ಕೇಬಲ್‌ನವರದ್ದು! ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕಂಗಿನ (ಅಡಿಕೆ) ಮರದಿಂದ ಮರಕ್ಕೆ ವೈರು ಎಳೆದು ಕೇಬಲ್ ಕೊಟ್ಟವ, ಹಾಗಾಗಿ ಮೊದಲು ಓದಿದಾಗ ನಗು ಬಂತು. ಇಲ್ಲಿ ತಿಂಗಳ ಬಾಡಿಗೆ ವಸೂಲಿ ಮಾಡುವುದೇ ಸಾಹಸ.

ಬ್ರಯಾನ್ ಲ್ಯಾಂಬ್ ಅನ್ನುವವರು ಕೇಬಲ್ ಕಂಪನಿಗಳನ್ನು ಒಪ್ಪಿಸಿ 1979ರಲ್ಲಿ ಶುರುಮಾಡಿದರು. ಲಾಭಕ್ಕಲ್ಲ, ಜಾಹೀರಾತೂ ಇರಲಿಲ್ಲ. ಪ್ರತಿ ಕನೆಕ್ಷನ್‌ಗೆ ತಿಂಗಳಿಗೆ ಕೆಲವೇ ಸೆಂಟ್ ಅಂತ ಕಂಪನಿಗಳು ಕೊಡುತ್ತವೆ, ಚಾನೆಲ್ ಮುಖ್ಯವಾಗಿ ಅದರಲ್ಲೇ ನಡೆದು ಬಂದಿದೆ. ಅಲ್ಲಿನ ಮೇಲ್ಮನೆ ಸೆನೆಟ್‌ಗೆ ಬೇರೆ ಚಾನೆಲ್ 1986ರಲ್ಲಿ ಬಂತು.

ಆದರೆ ಒಂದು ಕೊಕ್ಕೆ ಇದೆ. ಕೆಳಮನೆಯ ಸದನದ ಒಳಗಿನ ಕ್ಯಾಮೆರಾ ಸಿ-ಸ್ಪ್ಯಾನ್‌ನದ್ದಲ್ಲ, ಸದನದ್ದೇ. ಅದು ಕೊಟ್ಟ ಚಿತ್ರವನ್ನು ಇವರು ಕತ್ತರಿಸದೆ ತೋರಿಸುತ್ತಾರೆ, ಅಷ್ಟೇ. ಆಗೆಲ್ಲ ಮಾತಾಡುವವರ ಮುಖ ಮಾತ್ರ ಕಾಣುತ್ತಿತ್ತು. ರಿಪಬ್ಲಿಕನ್ ಪಕ್ಷದ ಸದಸ್ಯ ನ್ಯೂಟ್ ಗಿಂಗ್ರಿಚ್ ಮತ್ತು ಅವರ ಕಡೆಯವರು ದಿನದ ಕೆಲಸ ಮುಗಿದ ಮೇಲೆ ನಿಂತು ಎದುರು ಪಕ್ಷಕ್ಕೆ ಸವಾಲು ಹಾಕುವುದು, ಉತ್ತರಕ್ಕೆ ಕಾಯುವವರ ಹಾಗೆ ಸುಮ್ಮನಾಗುವುದು! ಮನೆಯಲ್ಲಿ ನೋಡುವವರಿಗೆ ಎದುರಿನವರ ಬಾಯಿ ಕಟ್ಟಿತು ಅಂತ ಅನಿಸಬೇಕಲ್ವಾ? ಅಲ್ಲಿ ಇದ್ದದ್ದು ಖಾಲಿ ಬೆಂಚು. 1984ರಲ್ಲಿ ಎದುರು ಪಕ್ಷವಾದ ಡೆಮಾಕ್ರಟಿಕ್‌ನವರೇ ಆದ ಸ್ಪೀಕರ್ ಟಿಪ್ ಓ'ನೀಲ್ ಸಿಟ್ಟಾಗಿ, ಮುಂಚೆ ಹೇಳದೆ, ಕ್ಯಾಮೆರಾ ಪೂರ್ತಿ ಸದನದ ಮೇಲೆ ತಿರುಗಿಸಿ ಅಂದರು. ದೊಡ್ಡ ಗಲಾಟೆಯೇ ಆಯಿತು.

2023ರ ಜನವರಿಯಲ್ಲಿ ಉಲ್ಟಾ. ಹೊಸ ಸ್ಪೀಕರ್ ಆಯ್ಕೆಗೆ 15 ಸಲ ಮತ ಹಾಕಬೇಕಾಯಿತು, ಅಲ್ಲಿವರೆಗೆ ಹೊಸ ಸದನಕ್ಕೆ ನಿಯಮವೇ ಇಲ್ಲ, ಕ್ಯಾಮೆರಾಗೂ ಕಟ್ಟುಪಾಡಿಲ್ಲ. ಸಿ-ಸ್ಪ್ಯಾನ್ ತನ್ನದೇ ಕ್ಯಾಮೆರಾ ತಂದಿತು, ಮೂಲೆಯಲ್ಲಿ ಪಿಸುಪಿಸು, ಒಬ್ಬ ಇನ್ನೊಬ್ಬನ ಮೇಲೆ ಏರಿ ಹೋಗಿದ್ದು, ಎಲ್ಲ ಕಂಡಿತು.

ನಮ್ಮಲ್ಲಿ ಚಾನೆಲ್ಲೂ ಸದನದ್ದೇ. ಲೋಕಸಭಾ, ರಾಜ್ಯಸಭಾ ಟಿವಿ ಸೇರಿ 2021ರಲ್ಲಿ ಸಂಸದ್ ಟಿವಿ ಆಯಿತು, ಕೇರಳದ ಸಭಾ ಟಿವಿ 2020ರದ್ದು. ಆದರೂ ಅವನ್ನು ಸುಮ್ನೆ ಬೈಯುವುದಿಲ್ಲ ನಾನು. 2021ರಲ್ಲಿ ನಮ್ಮ ಮಂಜೇಶ್ವರದ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡದ್ದನ್ನು ಮೊದಲಿಂದ ಕೊನೆವರೆಗೆ ನೋಡಿದ ಖುಷಿಯೇ ಬೇರೆ.

ಈಗ ಅಮೆರಿಕದಲ್ಲಿ ಜನ ಕೇಬಲ್ ತೆಗೆಸುತ್ತಿದ್ದಾರೆ, ಸಿ-ಸ್ಪ್ಯಾನ್‌ಗೆ ಬರುವ ಆ ಸೆಂಟುಗಳೂ ಕಮ್ಮಿಯಾಗಿವೆ. ಅದು ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ, ನಾನೂ ಈಗ ಅದೇ ಕಂಗುಗಳಿಗೆ ಇಂಟರ್ನೆಟ್ ವೈರು ಕಟ್ಟುತ್ತಿದ್ದೇನೆ.