ಖಾತೆಗೆ ಬಂದ ಹಣ ಕೊಟ್ಟಿಗೆಗೆ ಹೋಗುವ ದಾರಿ: ಕಾರವಾರದಿಂದ ಒಂದು ಉತ್ತರ

ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣದಿಂದ ಹಳ್ಳಿಯ ಕುಟುಂಬಗಳು ನಿಜವಾಗಿಯೂ ಹಸು, ಎಮ್ಮೆ, ಕೋಳಿ ಸಾಕುವುದಕ್ಕೆ ತೊಡಗುತ್ತವೆಯೇ, ಅಥವಾ ಅದು ತಿಂಗಳ ದಿನಸಿಯಲ್ಲೇ ಕರಗಿಹೋಗುತ್ತದೆಯೇ ಎಂದು ನೀವು ಕೇಳಿದ್ದೀರಿ. ನಾನಿರುವುದು ಕಾರವಾರ ತಾಲ್ಲೂಕಿನಲ್ಲಿ, ಕಾಳಿ ಸೇತುವೆ ದಾಟಿ ಗೋವಾ ಗಡಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕೊಂಕಣಿ ಎಂಬ ಬದುಕು ನಮ್ಮದು. ನನ್ನ ತವರು ಶಿರಸಿ ಸೀಮೆ. ಘಟ್ಟದ ಮೇಲಿನ ಕೊಟ್ಟಿಗೆಯಲ್ಲಿ ಬೆಳೆದು ಘಟ್ಟದ ಕೆಳಗಿನ ಕೊಟ್ಟಿಗೆಗೆ ಬಂದವಳಾದ್ದರಿಂದ ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಈ ಹಣ ಹೊಸ ಹಸುವನ್ನು ಕೊಳ್ಳುವುದಕ್ಕೆ ಒದಗಿದ್ದಕ್ಕಿಂತ, ಇರುವ ಹಸುವನ್ನು ಮಾರದೆ ಉಳಿಸಿಕೊಳ್ಳುವುದಕ್ಕೆ ಒದಗಿದ್ದೇ ಹೆಚ್ಚು. ಹೊರಗಿನಿಂದ ನೋಡುವವರ ಲೆಕ್ಕಕ್ಕೆ ಇದು ಸಿಗುವುದಿಲ್ಲ, ಏಕೆಂದರೆ ಹೊಸದಾಗಿ ಬಂದ ಹಸುವನ್ನು ಎಣಿಸುತ್ತಾರೆ, ಮಾರದೆ ಉಳಿದ ಹಸುವನ್ನು ಯಾರೂ ಎಣಿಸುವುದಿಲ್ಲ.

ಮೊದಲು ನೆಲದ ವಿಷಯ ತಿಳಿಯಬೇಕು. ಉತ್ತರ ಕನ್ನಡದ ಸುಮಾರು ಶೇಕಡಾ 80 ಭಾಗ ಅರಣ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟವೆಂಬ ಸೌಲಭ್ಯವಿದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿಂದ ತಂದ ಸೊಪ್ಪು ಮತ್ತು ದರಕು, ಅಂದರೆ ಒಣಗಿ ಉದುರಿದ ಎಲೆ, ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬಿದ್ದು, ಸಗಣಿ ಗಂಜಲಗಳೊಂದಿಗೆ ಗೊಬ್ಬರಗುಂಡಿ ಸೇರಿ, ಕಳಿತ ಮೇಲೆ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಹಾಗಾಗಿ ಅಲ್ಲಿ ಹಾಲು ಬತ್ತಿದ ಹಸುವಿಗೂ ಮನೆಯಲ್ಲಿ ಸ್ಥಾನವಿದೆ, ದಿನಕ್ಕೆ ಎರಡು ಮೂರು ಲೀಟರ್ ಮಾತ್ರ ಹಾಲು ಕೊಡುವ ಮಲೆನಾಡು ಗಿಡ್ಡ ತಳಿಗೂ ಸ್ಥಾನವಿದೆ. ಘಟ್ಟದ ಕೆಳಗೆ ಪರಿಸ್ಥಿತಿ ಬೇರೆ. ಇಲ್ಲಿ ಹೆಚ್ಚಿನವರ ಹಿಡುವಳಿ ಗುಂಟೆಗಳ ಲೆಕ್ಕದ್ದು, ಮಳೆಗಾಲದ ಒಂದು ಭತ್ತದ ಬೆಳೆ, ಅದರ ಹುಲ್ಲು ಬೇಸಿಗೆ ಮುಗಿಯುವ ಮುನ್ನವೇ ಖಾಲಿ. ಆಮೇಲೆ ಮುಂಡಗೋಡ, ಹಳಿಯಾಳಗಳ ಗದ್ದೆಗಳಿಂದ ಲಾರಿಯಲ್ಲಿ ಘಟ್ಟ ಇಳಿದು ಬರುವ ಬೈಹುಲ್ಲೇ ಗತಿ, ಮತ್ತು ಅದರ ಬೆಲೆ ಮೋಡ ಕಟ್ಟಿದಂತೆಲ್ಲ ಏರುತ್ತದೆ.

ಈಗ ಜೂನ್ ತಿಂಗಳನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೋಟಿನ ಮೇಲೆ ಕೂಲಿಗೆ ಹೋಗುವ ಗಂಡಸರ ಸಂಪಾದನೆ ನಿಲ್ಲುವುದು ಆಗ, ಮಕ್ಕಳ ಪುಸ್ತಕ ಸಮವಸ್ತ್ರಗಳ ಖರ್ಚು ಬರುವುದು ಆಗ, ಸೋರುವ ಮಾಡಿಗೆ ಹಂಚು ಹಾಕಿಸಬೇಕಾದದ್ದೂ ಆಗ. ಎಡೆಬಿಡದ ಮಳೆಯಲ್ಲಿ ದನವನ್ನು ಮೇಯಲು ಬಿಡಲಾಗದೆ ಕಟ್ಟಿ ಹಾಕಿ ಹುಲ್ಲು, ಹಿಂಡಿ ಹಾಕಬೇಕಾದದ್ದೂ ಅದೇ ದಿನಗಳಲ್ಲಿ. ಹಿಂದೆ ನಮ್ಮ ಕೇರಿಯಲ್ಲಿ ಹಸುಗಳು ಮಾರಾಟವಾಗುತ್ತಿದ್ದುದು ಇಂಥ ಆಷಾಢದಲ್ಲೇ. ಗಬ್ಬವಾಗಿದ್ದ ಹಸು ಕೂಡ ಅರ್ಧ ಬೆಲೆಗೆ ಹೋಗುತ್ತಿತ್ತು, ಏಕೆಂದರೆ ಕೊಳ್ಳಲು ಬಂದವರಿಗೆ ಮಾರುವವರ ಅವಸರ ಚೆನ್ನಾಗಿ ಗೊತ್ತಿರುತ್ತಿತ್ತು. ಇನ್ನು ಮೂರು ತಿಂಗಳು ಹೇಗಾದರೂ ಸಾಕಿದ್ದರೆ ಕರು ಹಾಕಿ ಹಾಲು ಕೊಡುತ್ತಿದ್ದ ಹಸು ಆ ಮೂರು ತಿಂಗಳ ಮೇವಿಗೆ ದುಡ್ಡಿಲ್ಲದೆ ಕೈಬಿಟ್ಟುಹೋಗುವುದನ್ನು ನಾನು ಹಲವು ಸಲ ನೋಡಿದ್ದೇನೆ, ಮತ್ತು ಆ ಮನೆಯವರಿಗೆ ಮತ್ತೊಂದು ಹಸು ಕಟ್ಟಲು ಎಷ್ಟು ವರ್ಷ ಹಿಡಿಯಿತು ಎಂಬುದನ್ನೂ ನೋಡಿದ್ದೇನೆ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಗದ್ದೆಯ ಪಹಣಿ ಇದ್ದವರಿಗೆ ಕೇಂದ್ರದ ಪಿಎಂ ಕಿಸಾನ್ ಯೋಜನೆಯಿಂದ ವರ್ಷಕ್ಕೆ ಮೂರು ಕಂತುಗಳಲ್ಲಿ 6,000 ರೂಪಾಯಿ ಮೊದಲಿನಿಂದಲೂ ಬರುತ್ತಿತ್ತು. ಸಂಘಕ್ಕೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಅದು 2008ರಲ್ಲಿ 2 ರೂಪಾಯಿಯಿಂದ ಆರಂಭವಾದದ್ದು. ಗಡಿಯಾಚೆ ಕಾಣಕೋಣದಲ್ಲಿರುವ ನಮ್ಮ ಬಂಧುಗಳ ಮನೆಗಳಲ್ಲಿ ಗೋವಾ ಸರ್ಕಾರದ ಗೃಹ ಆಧಾರ್ ಯೋಜನೆಯಿಂದ ಗೃಹಿಣಿಯರಿಗೆ ತಿಂಗಳಿಗೆ 1,500 ರೂಪಾಯಿ ಬರುತ್ತಿದ್ದುದನ್ನು ನಾವು ಅದಕ್ಕೂ ಹಿಂದಿನಿಂದ ಕೇಳಿ ಬಲ್ಲೆವು, ಆದ್ದರಿಂದ ನಮ್ಮವರಿಗೆ ಈ ಪದ್ಧತಿ ತೀರ ಅಪರಿಚಿತವಾಗಿರಲಿಲ್ಲ.

ಎರಡು ಸಾವಿರಕ್ಕೆ ಹಸು ಬರುವುದಿಲ್ಲ, ಸರಿ. ಆದರೆ ಅದಕ್ಕೆ ಸುಮಾರು ಒಂದೂವರೆ ಚೀಲ ಪಶು ಆಹಾರ ಬರುತ್ತದೆ, ಹುಲ್ಲು ಮತ್ತು ಅಕ್ಕಚ್ಚಿನೊಂದಿಗೆ ಸೇರಿಸಿದರೆ ಗಬ್ಬದ ಹಸುವೊಂದು ತಿಂಗಳು ಕಳೆಯಲು ಅಷ್ಟು ಸಾಕು. ನಮ್ಮ ಓಣಿಯ ಅಕ್ಕ ಒಬ್ಬರ ಸಂಗತಿ ಹೇಳುತ್ತೇನೆ. ಅವರ ಯಜಮಾನರು ಬೋಟಿಗೆ ಹೋಗುವವರು, ಮನೆಯಲ್ಲಿ ಒಂದೇ ಹಸು. ಮೊದಲ ನಾಲ್ಕು ತಿಂಗಳ ಹಣವನ್ನು ಅವರು ಅಂಗಡಿಯ ಹಳೆಯ ಬಾಕಿ ತೀರಿಸಲು ಕೊಟ್ಟರು. ಇದನ್ನು ಕೇಳಿ, ಹಣ ಪೋಲಾಯಿತು ಎಂದವರಿದ್ದಾರೆ; ನನಗೆ ಹಾಗೆ ತೋರುವುದಿಲ್ಲ. ಬಾಕಿ ತೀರಿದ ಮೇಲೆಯೇ ಅಂಗಡಿಯವರು ಮಳೆಗಾಲದಲ್ಲಿ ಹಿಂಡಿಯನ್ನು ಸಾಲ ಕೊಡಲು ಒಪ್ಪಿದ್ದು. ಆ ವರ್ಷ ಹಸುವನ್ನು ಮಾರಲಿಲ್ಲ. ಮರುವರ್ಷ ಸ್ವಸಹಾಯ ಸಂಘದಲ್ಲಿ ಸಾಲ ಕೇಳಿದಾಗ, ತಿಂಗಳ ಕಂತು ಎಲ್ಲಿಂದ ಕಟ್ಟುತ್ತೀರಿ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿತ್ತು. ಆ ಸಾಲದಲ್ಲಿ ಅವರು ತಂದದ್ದು ದೊಡ್ಡ ಮಿಶ್ರತಳಿಯ ಹಸುವನ್ನಲ್ಲ, ಘಟ್ಟದ ಮೇಲಿನ ಒಂದು ಗಿಡ್ಡ ಕಡಸನ್ನು. ಉಣುಗು ಕಡಿದರೂ, ಮಳೆಯಲ್ಲಿ ನೆನೆದರೂ ತಡೆಯುತ್ತದೆ, ಔಷಧಿಯ ಖರ್ಚಿಲ್ಲ ಎಂಬುದು ಅವರ ಲೆಕ್ಕ.

ಆ ಆಯ್ಕೆ ಅವರದಾಗಿತ್ತು ಎಂಬುದನ್ನು ದಯವಿಟ್ಟು ಗಮನಿಸಿ, ನನ್ನ ಉತ್ತರದ ತಿರುಳು ಅದರಲ್ಲಿದೆ. 1980ರ ದಶಕದಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯಡಿ ಸಾಲ ಮತ್ತು ಸಹಾಯಧನ ಸೇರಿಸಿ ಬಡವರಿಗೆ ಹಸು ಎಮ್ಮೆಗಳನ್ನೇ ಕೊಡಿಸುತ್ತಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಪ್ರಾಣಿಯನ್ನು ಕೊಟ್ಟು ಅದರ ಮೇವಿಗೆ ಏನನ್ನೂ ಕೊಡದಿದ್ದುದರಿಂದ, ದೇಶದ ಹಲವೆಡೆ ಆ ದನಗಳು ಬೇಗನೆ ಮಾರಾಟವಾದವು ಅಥವಾ ಸತ್ತವು, ಉಳಿದದ್ದು ಬ್ಯಾಂಕಿನ ಸಾಲ ಮಾತ್ರ. ನನ್ನ ತವರಿನ ಕಡೆ ಬಯಲುಸೀಮೆಯಿಂದ ಬಂದ ಎಮ್ಮೆಯೊಂದು ಮೊದಲ ಮಳೆಗಾಲವನ್ನೇ ದಾಟದಿದ್ದುದನ್ನು ನನ್ನ ಅಜ್ಜಿ ಕೊನೆಯವರೆಗೂ ನೆನೆಸಿಕೊಂಡು ನೊಂದುಕೊಳ್ಳುತ್ತಿದ್ದರು. ಕೊಟ್ಟಿಗೆಯ ಕೆಲಸ ನಮ್ಮಲ್ಲಿ ಬಹುಪಾಲು ಹೆಂಗಸರದು: ಸಗಣಿ ಬಾಚುವುದು, ಸೊಪ್ಪು ಹೊರುವುದು, ಹಾಲು ಕರೆಯುವುದು, ರಾತ್ರಿ ಕರು ಹಾಕುವಾಗ ಎಚ್ಚರವಿರುವುದು. ಯಾವ ಪ್ರಾಣಿ ತನ್ನ ಮನೆಯಲ್ಲಿ ಬದುಕೀತು ಎಂಬುದು ಅವಳಿಗೆ ತಿಳಿದಷ್ಟು ಮತ್ತಾರಿಗೂ ತಿಳಿದಿರುವುದಿಲ್ಲ. ಹಣ ಅವಳ ಹೆಸರಿಗೆ, ಷರತ್ತಿಲ್ಲದೆ, ತಿಂಗಳು ತಿಂಗಳು ಬಂದಾಗ ಆ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟು ಪುನರ್ವಸತಿ ಕಾಲೊನಿಯ ಸಣ್ಣ ನಿವೇಶನದಲ್ಲಿ ಇರುವವರಿಗೆ ಹಸು ಕಟ್ಟಲಾಗದು. ಅಂಥವರು ಹತ್ತು ಹದಿನೈದು ನಾಟಿ ಕೋಳಿ ಸಾಕಬಲ್ಲರು. ಹಸುವನ್ನೇ ಕೊಡುವ ಯೋಜನೆಯಲ್ಲಿ ಅವರಿಗೆ ಜಾಗವಿಲ್ಲ, ಹಣದಲ್ಲಿ ಇದೆ.

ಇದು ನಮ್ಮ ಊರೊಂದರ ವಿಶೇಷವೆಂದು ನೀವು ಭಾವಿಸಬಾರದು. 2011 ಮತ್ತು 2012ರಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ‘ಸೇವಾ’ (SEWA) ಎಂಬ ದುಡಿಯುವ ಹೆಂಗಸರ ಸಂಘಟನೆಯು ಯುನಿಸೆಫ್ ನೆರವಿನಿಂದ ಪ್ರತಿ ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಒಂದು ವರ್ಷದ ಬಳಿಕ 300 ರೂಪಾಯಿ ಷರತ್ತಿಲ್ಲದೆ ಕೊಟ್ಟು ನೋಡಿದಾಗ, ಜನ ಆಡು, ಕೋಳಿ, ದನಗಳ ಮೇಲೆ ಹಣ ಹೂಡಿದ್ದು ಕಂಡುಬಂತು. ಆಫ್ರಿಕಾದ ಜಾಂಬಿಯಾದಲ್ಲಿ 2010ರಲ್ಲಿ ಆರಂಭವಾದ ಮಕ್ಕಳ ಸಹಾಯಧನ ಪಡೆದ ಮನೆಗಳಲ್ಲೂ ಕೋಳಿ, ಆಡು ಸಾಕುವವರು ಹೆಚ್ಚಾದರು. ಮೆಕ್ಸಿಕೋದಲ್ಲಿ 1997ರಿಂದ ನಡೆದ, ಬಡ ಮನೆಗಳಿಗೆ ಹಣ ಕೊಡುವ ಯೋಜನೆಯನ್ನು ಪರಿಶೀಲಿಸಿದವರು, ಬಂದ ಹಣದ ಸುಮಾರು ಕಾಲುಭಾಗ ಪ್ರಾಣಿ, ಜಮೀನುಗಳಂಥ ದುಡಿಮೆಯ ಬಂಡವಾಳಕ್ಕೆ ಹೋಗಿದೆ ಎಂದು ಕಂಡುಕೊಂಡರು. ಉಳಿದದ್ದು ಊಟಕ್ಕೆ, ಬಟ್ಟೆಗೆ ಹೋಗಿತ್ತು, ಹೋಗಬೇಕಾದದ್ದೇ.

ಹಣದಿಂದ ಆಗದ ಕೆಲಸಗಳೂ ಇವೆ. ಗೋಮಾಳ ಕಟ್ಟಡವಾಗಿ ಬದಲಾದ ಊರಿನಲ್ಲಿ ಎರಡು ಸಾವಿರ ರೂಪಾಯಿ ಹುಲ್ಲುಗಾವಲನ್ನು ಹುಟ್ಟಿಸಲಾರದು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮಗೆ ಬೇಕಾಗಿದ್ದದ್ದು ಹಣಕ್ಕಿಂತ ಮೊದಲು ಲಸಿಕೆ ಮತ್ತು ಕರೆದಾಗ ಬರುವ ಪಶುವೈದ್ಯರು. ಜೋಯಿಡಾದ ಕಾಡಿನೊಳಗಿನ ಕುಣಬಿ ಮನೆಗಳಿಂದ, ಯಲ್ಲಾಪುರದ ಸಿದ್ದಿ ಹಾಡಿಗಳಿಂದ ಬ್ಯಾಂಕಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಬಿಡುವುದು. ಯಾವ ಯೋಜನೆಯ ಹಣವೇ ಆಗಲಿ, ಕಂತು ಎರಡು ಮೂರು ತಿಂಗಳು ತಡವಾದರೆ ಅದನ್ನೇ ನಂಬಿ ಹಿಂಡಿ ತಂದವರು ಅಂಗಡಿಯವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಒಟ್ಟಿಗೆ ಬಂದಾಗ ಮೊತ್ತ ಅಷ್ಟೇ ಇರಬಹುದು, ಆದರೆ ಆಷಾಢದಲ್ಲಿ ಮಾರಿದ ಹಸು ಭಾದ್ರಪದದಲ್ಲಿ ಬಂದ ಹಣಕ್ಕೆ ತಿರುಗಿ ಬರುವುದಿಲ್ಲ.

ನೀವು ನೋಡಲು ಬರುವುದಾದರೆ ಡಿಸೆಂಬರಿನಲ್ಲಿ ಬರಬೇಡಿ. ಆಗ ಎಲ್ಲರ ಅಂಗಳದಲ್ಲೂ ಹುಲ್ಲಿನ ಗೊಣಬೆ ಇರುತ್ತದೆ, ಎಲ್ಲರ ಹಸುವೂ ಚೆನ್ನಾಗಿ ಕಾಣುತ್ತದೆ. ಜುಲೈ ನಡುವಿನಲ್ಲಿ ಬನ್ನಿ, ಮಳೆ ಹೊಯ್ಯುತ್ತಿರುವಾಗ. ಅಕ್ಕನ ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತೇನೆ. ಹಳೆಯ ಹಸುವಿನ ಪಕ್ಕದಲ್ಲಿ ಆ ಕಡಸೂ ಕಟ್ಟಿರುತ್ತದೆ, ಈ ವರ್ಷ ಅದಕ್ಕೆ ಮೊದಲ ಗಬ್ಬ.